ಕೈಚೀಲದಲ್ಲಿದ್ದ ವಿಶಲ್

ಕದ್ದು ಅಭ್ಯಾಸವಿಲ್ಲದವರು ಕದ್ದ ಮಾಲನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಾರೆ. ಮಿರೇಯಾಳೂ ಅಷ್ಟೇ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕೈಚೀಲದೊಳಗೆ ಬೆರಳು ಇಳಿಸಿ, ಬಾಚಣಿಗೆ, ಕರವಸ್ತ್ರ, ಬೀಗದ ಕೈಗಳ ಅಡಿಯಲ್ಲಿ ಆ ಪುಟ್ಟ ಲೋಹದ ಗುಂಡು ಇದೆಯೋ ಇಲ್ಲವೋ ಎಂದು ತಡಕುತ್ತಿದ್ದಳು. ಇರುತ್ತಿತ್ತು. ಎಲ್ಲಿಗೆ ಹೋದೀತು? ಅದು ಅವಳ ತಾಯಿಯ ಪ್ರೆಶರ್ ಕುಕ್ಕರಿನ ವಿಶಲ್.

ತಾಯಿ ಒರ್ತೆನ್ಸಿಯಾಗೆ ಎಂಬತ್ತು ದಾಟಿತ್ತು. ಕಿವಿ ಮಂದವಾಗಿತ್ತು, ನಾಲಿಗೆ ಮಾತ್ರ ಇನ್ನೂ ಹರಿತವಾಗಿತ್ತು. ಮಗಳು ಮಿರೇಯಾ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸು. ಇಬ್ಬರೇ ಇದ್ದ ಆ ಮನೆಯಲ್ಲಿ ಪಾತ್ರೆಗೆ ಬರವಿರಲಿಲ್ಲ. ಕರೆಂಟಿಗೆ ಬರ, ಕಾಳಿಗೆ ಬರ. ಅಡುಗೆಕಟ್ಟೆಯ ಮೇಲೆ ಮೂರು ಕುಕ್ಕರ್‌ಗಳು ಸವತಿಯರ ಹಾಗೆ ಅಕ್ಕಪಕ್ಕ ಕೂತಿದ್ದವು.

ಮೊದಲನೆಯದು ಅವರ ಊರಾದ ಬಯಾಮೋದವರೆಲ್ಲ ‘ರಾಣಿ’ ಎಂದು ಕರೆಯುವ ಕರೆಂಟಿನ ಮಲ್ಟಿಕುಕ್ಕರ್. ಕಾಳು ಹಾಕಿ ಗುಂಡಿ ಒತ್ತಿದರೆ ತಾನೇ ಬೇಯಿಸಿ ತಾನೇ ಆರುತ್ತದೆ. ಎರಡನೆಯದು ಸಮುದ್ರದಾಚೆಯ ಟ್ಯಾಂಪಾದಲ್ಲಿರುವ ಚಿಕ್ಕಮ್ಮ ಸೊಯ್ಲಾ ಪ್ರೀತಿಯಿಂದ ಕಳಿಸಿದ ಸ್ಲೋ ಕುಕ್ಕರ್. ಬೆಳಿಗ್ಗೆ ಹಚ್ಚಿಟ್ಟರೆ ಸಂಜೆಗೆ ಮಾಂಸ ಬೆಣ್ಣೆಯಾಗುತ್ತದೆ ಎಂದು ಅವಳು ಫೋನಿನಲ್ಲಿ ವರ್ಣಿಸಿದ್ದಳು. ಕೇಳಿ ಒರ್ತೆನ್ಸಿಯಾ ಕೆಮ್ಮು ಬರುವಷ್ಟು ನಕ್ಕಿದ್ದಳು. “ಬೆಳಗಿಂದ ಸಂಜೆವರೆಗೂ ಕರೆಂಟಾ? ನನ್ ತಂಗಿ ಈ ಊರು ಬಿಟ್ಟು ತುಂಬಾ ವರ್ಷ ಆಯ್ತು ಕಣೇ, ಮಾಂಸ ಅನ್ನೋ ಮಾತೂ ಇನ್ನೂ ನೆನಪಿಟ್ಕೊಂಡಿದ್ದಾಳೆ ಪಾಪ! ಅದ್ರಲ್ಲಿ ದಾರದುಂಡೆ, ಗುಂಡಿ ಹಾಕಿಡು.” ಹಾಗೇ ಆಯಿತು. ಅಂಥ ಚಂದದ ಪಾತ್ರೆಯಲ್ಲಿ ಹೊಲಿಗೆ ಸಾಮಾನು ತುಂಬಿತು.

ಮೂರನೆಯದು ಮುದುಕಿಯ ಜೀವ. ಮದುವೆಯಾದ ಹೊಸತರಲ್ಲಿ ತಂದ ಅಲ್ಯೂಮಿನಿಯಂ ಪ್ರೆಶರ್ ಕುಕ್ಕರ್. ಹಿತ್ತಲ ಚಾವಡಿಯಲ್ಲಿ, ಹಳೆಯ ಲಾರಿ ಚಕ್ರದ ರಿಮ್ಮಿನಿಂದ ಮಾಡಿದ ಇದ್ದಿಲ ಒಲೆಯ ಮೇಲೆ ಅದನ್ನಿಟ್ಟು ಅವಳು ಬೇಯಿಸುವ ಕಪ್ಪು ಬೀನ್ಸ್ ಕಾಳಿನ ಘಮಕ್ಕೆ ಪಕ್ಕದ ಮನೆಯವರು ತಟ್ಟೆ ಹಿಡಿದು ಬಂದದ್ದುಂಟು. ಆದರೆ ಆ ಪಾತ್ರೆಯಲ್ಲಿ ಅಸಲಿ ಅನ್ನುವುದು ಹೊಟ್ಟೆ ಮಾತ್ರ ಉಳಿದಿತ್ತು. ಗ್ಯಾಸ್ಕೆಟ್ಟು ಯಾವುದೋ ಟ್ರ್ಯಾಕ್ಟರ್ ಟ್ಯೂಬಿನದು. ಹಿಡಿ ಪೊರಕೆ ಕೋಲಿನದು. ಸೇಫ್ಟಿ ವಾಲ್ವ್ ಹಾಳಾದಾಗ ಹೊಸದು ಸಿಗದೆ, ಈಗ ತೀರಿಹೋಗಿರುವ ಮಿರೇಯಾಳ ಅಪ್ಪ ಆ ತೂತಿಗೆ ಒಂದು ಬೋಲ್ಟು ಜಡಿದು ಕೈ ತೊಳೆದುಕೊಂಡಿದ್ದ. ಬಿಡಿಭಾಗ ಸಿಗದ ಊರಿನಲ್ಲಿ ಎಲ್ಲರೂ ಮೆಕ್ಯಾನಿಕ್ಕುಗಳೇ. ಹೀಗಾಗಿ ಆ ಕುಕ್ಕರಿನಲ್ಲಿ ಆವಿ ಹೊರಬರಲು ಉಳಿದಿದ್ದ ದಾರಿ ಒಂದೇ, ವಿಶಲ್ ಕೂರುವ ಕೊಳವೆ.

ಹೋದ ತಿಂಗಳು ಒರ್ತೆನ್ಸಿಯಾ ಕುಕ್ಕರ್ ಒಲೆಯ ಮೇಲಿಟ್ಟು ಮರೆತಳು. ವಿಶಲಿನ ಬುಸುಬುಸು ಅವಳ ಕಿವಿಗೆ ಬೀಳಲಿಲ್ಲ. ಮಿರೇಯಾ ಮನೆಗೆ ಬರುವಷ್ಟರಲ್ಲಿ ನೀರು ಇಂಗಿ, ಕಾಳು ಇದ್ದಿಲಾಗಿ, ಮನೆಯೆಲ್ಲ ಹೊಗೆ. ಆಸ್ಪತ್ರೆಯಲ್ಲಿ ಆವಿಗೆ ಸುಟ್ಟ ಮುಖಗಳಿಗೆ ದಿನಾ ಪಟ್ಟಿ ಕಟ್ಟುವ ಮಿರೇಯಾಗೆ ಅವತ್ತು ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಮುಖಗಳಲ್ಲಿ ಒಂದು ತಾಯಿಯದಾಗುತ್ತಿತ್ತು.

“ಮಿಮಾ,” ಎಂದಳು ಬೆಳಿಗ್ಗೆ. ತಾಯಿಯನ್ನು ಅವಳು ಚಿಕ್ಕಂದಿನಿಂದ ಕರೆಯುವುದು ಹಾಗೆ. “ಇನ್ಮೇಲೆ ಆ ಹಳೇ ಪಾತ್ರೆ ಬೇಡ. ರಾಣೀಲಿ ಮಾಡು.”

“ನಿನ್ ರಾಣಿ ಕರೆಂಟಿದ್ರೆ ರಾಣಿ. ಇಲ್ದಿದ್ರೆ ನನ್ ಥರಾನೇ ಮೂಲೇಲಿ ಕೂರೋ ಮುದುಕಿ.”

“ಕರೆಂಟ್ ಬಂದಾಗ ಬೇಯುತ್ತೆ ಬಿಡು.”

“ಹೊಟ್ಟೆ ಕರೆಂಟ್ ಬಂದಾಗ ಹಸಿಯುತ್ತಾ? ನಿಂಗೆ ಹಾಲು ಕುಡಿಸಿ ಬೆಳೆಸಿದ್ದು ಆ ಪಾತ್ರೆ ಮುಂದೆ ಕೂತೇ. ನಂಗೆ ಬುದ್ಧಿ ಹೇಳ್ಬೇಡ.”

ಮಾತಿಗೆ ಮಾತು ಬೆಳೆಯಿತು. ಸಿಟ್ಟಿನಲ್ಲಿ ಮಿರೇಯಾ ಹೊರಡುವಾಗ ವಿಶಲನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡಳು. ವಿಶಲಿಲ್ಲದ ಕುಕ್ಕರ್ ಹಲ್ಲಿಲ್ಲದ ಹಾವು, ಇನ್ನೇನು ಮಾಡೀತು ಎಂದುಕೊಂಡಳು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಂಜೆ ಬಂದಾಗ ಮುದುಕಿ ಡ್ರಾಯರುಗಳನ್ನೆಲ್ಲ ನೆಲಕ್ಕೆ ಸುರುವಿಕೊಂಡು ಕೂತಿದ್ದಳು. ಅಕ್ಕಿ ಡಬ್ಬಿಯಲ್ಲಿ ಹುಡುಕಿದ್ದಳು, ದೇವಮಾತೆ ಕಾರಿದಾದಳ ಪಟದ ಹಿಂದೆ ಹುಡುಕಿದ್ದಳು.

“ವಿಶಲ್ ಕಾಣ್ತಿಲ್ಲ ಕಣೇ. ಇಲ್ಲೇ ಇಟ್ಟಿದ್ದೆ.”

ಆಗ ನಿಜ ಹೇಳಬಹುದಿತ್ತು. ಹೇಳಿದರೆ ರಾತ್ರಿಯೆಲ್ಲ ಜಗಳ. ಮಿರೇಯಾಗೆ ಸುಸ್ತಾಗಿತ್ತು. “ನೀನೇ ಎಲ್ಲೋ ಇಟ್ಟು ಮರ್ತಿರ್ತೀಯ ಮಿಮಾ,” ಎಂದುಬಿಟ್ಟಳು. ಅದೂ ಸಾಲದೆಂದು ಮಂಚದ ಕೆಳಗೆ ತೂರಿ ತಾನೂ ಹುಡುಕುವ ನಾಟಕ ಆಡಿದಳು. ಧೂಳಿಗೆ ಸೀನು ಬಂತು.

ಮುದುಕಿ ಜಗಳಕ್ಕೆ ಬರಲಿಲ್ಲ. “ಇರ್ಬೇಕು,” ಎಂದು ಡ್ರಾಯರುಗಳನ್ನು ಒಂದೊಂದಾಗಿ ತುಂಬತೊಡಗಿದಳು.

ಅವತ್ತಿನಿಂದ ಒರ್ತೆನ್ಸಿಯಾ ಬದಲಾದಳು. ಬೀಗದ ಕೈ ಕೊರಳಿಗೆ ಕಟ್ಟಿಕೊಂಡಳು. ಬೆಳಿಗ್ಗೆ ಎದ್ದ ಕೂಡಲೇ “ಇವತ್ತು ಯಾವ ವಾರ?” ಎಂದು ಕೇಳುವಳು, ಉತ್ತರ ಸಿಕ್ಕ ಮೇಲೆ ತುಟಿಯಲ್ಲೇ ಅದನ್ನು ಹೇಳಿಕೊಳ್ಳುವಳು. ಪಕ್ಕದ ಮನೆಯವರ ಹೆಸರು ಕರೆಯುವ ಮುಂಚೆ ಒಂದು ಗಳಿಗೆ ತಡೆಯುವಳು. ಮಿರೇಯಾ ಕಂಡೂ ಕಾಣದ ಹಾಗಿದ್ದಳು. ಮುಖ ಸುಟ್ಟುಕೊಳ್ಳುವುದಕ್ಕಿಂತ ಇದು ವಾಸಿಯಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ರಾಣಿಗೆ ತುಂಬಿ, ಪ್ಲಗ್ ಸಿಕ್ಕಿಸಿ, ಗುಂಡಿ ಒತ್ತಿಟ್ಟು ಹೋಗುವುದು ರೂಢಿಯಾಯಿತು. ಕರೆಂಟ್ ಯಾವಾಗ ಬರುತ್ತದೋ ಆಗ ಅದು ತಾನೇ ಬೇಯಲಿ. ಊರೇ ಹಾಗೆ ಮಾಡುತ್ತಿತ್ತು.

ಆ ಗುರುವಾರ ಕರೆಂಟ್ ಬರಲಿಲ್ಲ. ಬೆಳಗಾಗುತ್ತಲೇ ಬರುತ್ತದೆ ಎಂದಿದ್ದರು. ಬಿಸಿಲು ನೆತ್ತಿಗೇರಿದರೂ ಸುಳಿವಿಲ್ಲ. ಮೇ ತಿಂಗಳ ಬೇಗೆ. ಆಸ್ಪತ್ರೆಯಲ್ಲಿ ಕಿಟಕಿ ಬೆಳಕಿಗೆ ಕುರ್ಚಿ ಎಳೆದುಕೊಂಡು ಮಿರೇಯಾ ಒಬ್ಬೊಬ್ಬರನ್ನೇ ಕರೆಯುತ್ತಿದ್ದಳು. ಕೊನೆಗೆ ಬಂದವನು ಒನೇಲಿಯೋ, ಅವಳ ಬೀದಿಯಲ್ಲೇ ಸೈಕಲ್ ಪಂಚರ್ ಅಂಗಡಿ ಇಟ್ಟವನು. ಹೆಬ್ಬೆರಳಿಗೆ ಎಣ್ಣೆ ಬಟ್ಟೆ ಸುತ್ತಿಕೊಂಡಿದ್ದ.

“ಏನ್ ಮಾಡ್ಕೊಂಡ್ಯೋ?”

“ನಿಮ್ಮನೆ ಸೇವೆ ಮಾಡೋಕ್ಕೋಗಿ ಆಗಿದ್ದು ಅಕ್ಕಾ. ಪಟ್ಟಿ ಚೆನ್ನಾಗಿರೋದು ಕಟ್ಬೇಕು ಮತ್ತೆ.”

“ನಮ್ಮನೆ ಸೇವೆ ಯಾವುದು?”

“ಅಜ್ಜಿ ಬಂದಿದ್ರಲ್ಲ ಬೆಳಿಗ್ಗೆ. ಕುಕ್ಕರ್ ಮುಚ್ಚಳ ಟವಲ್ಲಲ್ಲಿ ಸುತ್ಕೊಂಡು ಬಂದಿದ್ರು. ವಿಶಲ್ ಕಳ್ದೋಯ್ತಂತೆ, ಏನಾದ್ರೂ ಮಾಡ್ಕೊಡು ಮಗಾ ಅಂದ್ರು. ಇಲ್ಲ ಅನ್ನೋಕಾಗುತ್ತಾ?”

ಹತ್ತಿಯಿಂದ ಗಾಯ ಒರೆಸುತ್ತಿದ್ದ ಮಿರೇಯಾಳ ಕೈ ನಿಂತಿತು. “ಏನ್ ಮಾಡ್ಕೊಟ್ಟೆ?”

“ಫಸ್ಟ್ ಕ್ಲಾಸಾಗಿ ಮಾಡ್ಕೊಟ್ಟೆ!” ಒನೇಲಿಯೋ ಎದೆಯುಬ್ಬಿಸಿದ. “ಒಂದು ಹಿತ್ತಾಳೆ ನಟ್ಟಿತ್ತು, ತಲೆ ಮುಚ್ಚಿರೋದು. ಕೊಳವೆಗೆ ಟ್ಯೂಬಿನ ರಬ್ಬರ್ ಸುತ್ತಿ, ಅದ್ರ ಮೇಲೆ ನಟ್ಟು ತಟ್ಟಿ ಕೂರಿಸ್ದೆ. ಆಗಲೇ ಚಾಣ ಜಾರಿ ಬೆರಳಿಗೆ ಬಿತ್ತು. ಆದ್ರೂ ಕೆಲ್ಸ ಬಿಡ್ಲಿಲ್ಲ. ಒಂದು ಚೂರೂ ಆವಿ ಸೋರಲ್ಲ ಅಕ್ಕಾ, ಬೇಕಾದ್ರೆ ಬರ್ದು ಕೊಡ್ತೀನಿ.”

ಜೀವಮಾನವೆಲ್ಲ ಸೋರುವ ಟ್ಯೂಬುಗಳನ್ನು ಮುಚ್ಚಿದವನು ಅವನು. ಸೋರುವುದು ಅವನ ಪಾಲಿಗೆ ಕೆಟ್ಟದ್ದು, ಸೋರದಿರುವುದು ಒಳ್ಳೆಯದು. ಕುಕ್ಕರ್ ಸೋರಿದರೇ ಬದುಕು ಎನ್ನುವುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಮಿರೇಯಾಗೆ ಅಪ್ಪ ಜಡಿದ ಬೋಲ್ಟು ಕಣ್ಣ ಮುಂದೆ ಬಂತು. ಇದ್ದ ಒಂದು ದಾರಿಯೂ ಈಗ ಬಂದ್. “ಎಷ್ಟೊತ್ತಾಯ್ತೋ?”

“ಅಂಗಡಿ ಮುಚ್ಚಿ, ಇಲ್ಲಿ ಕ್ಯೂನಲ್ಲಿ ಕೂತು… ಆಯ್ತಪ್ಪ ಸುಮಾರು ಹೊತ್ತು. ಯಾಕಕ್ಕಾ, ಮುಖ ಹಿಂಗ್ಯಾಕಾಯ್ತು?”

“ಸೈಕಲ್ ಎಲ್ಲಿ?”

“ಗೇಟ್ ಹತ್ರ. ಬ್ರೇಕಿಲ್ಲ ಅದಕ್ಕೆ…”

ಮಿರೇಯಾ ಕೈಚೀಲ ಕೊರಳಿಗೆ ಹಾಕಿಕೊಂಡು ಓಡಿದಳು. ಫೋನ್ ಮಾಡಿ ಪ್ರಯೋಜನವಿಲ್ಲ. ಕರೆಂಟ್ ಹೋದರೆ ಟವರೂ ಹೋಗುತ್ತದೆ, ಇದ್ದರೂ ತಾಯಿಗೆ ರಿಂಗ್ ಕೇಳಿಸುವುದಿಲ್ಲ. ಪಂಚರ್ ಅಂಗಡಿಯವನ ಸೈಕಲ್ಲಿಗೇ ಬ್ರೇಕಿಲ್ಲ ಎಂದು ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಇವತ್ತು ಬ್ರೇಕಿನ ಅಗತ್ಯವೂ ಇರಲಿಲ್ಲ.

ಬಿಳಿ ಕೋಟು ಹಾರಿಸಿಕೊಂಡು ತುಳಿದಳು. ಕುದುರೆ ಗಾಡಿಗಳು ದಾರಿಗಡ್ಡ. ಮಾಗಿದ ಬಾಳೆಗೊನೆ ಹೇರಿಕೊಂಡ ಗಾಡಿಯೊಂದು ರಸ್ತೆಯ ನಡುವೆಯೇ ಜಾಲಿಯಾಗಿ ಸಾಗುತ್ತಿತ್ತು. “ದಾರಿ ಬಿಡಯ್ಯಾ!” ಎಂದು ಕಿರುಚಿದಳು.

“ಡಾಕ್ಟ್ರಮ್ಮಾ, ಯಾರ್ ಮದ್ವೇಗೆ ಇಷ್ಟು ಅರ್ಜೆಂಟು?” ಗಾಡಿಯವನು ಹಲ್ಲು ಕಿರಿದ. ಅವಳ ಮುಖ ನೋಡಿದ ಮೇಲೆ ಕುದುರೆಯನ್ನು ಪಕ್ಕಕ್ಕೆ ಎಳೆದ.

ತುಳಿಯುತ್ತ ತುಳಿಯುತ್ತ ಅವಳ ತಲೆ ಬೇಡದ ಲೆಕ್ಕ ಹಾಕುತ್ತಿತ್ತು. ಇದ್ದಿಲು ಹೊತ್ತಿಕೊಳ್ಳಲು ಸ್ವಲ್ಪ ಹೊತ್ತು. ಮಿಮಾ ಬೆಳ್ಳುಳ್ಳಿ ಸುಲಿಯುವುದು ನಿಧಾನ. ಜೀರಿಗೆ ಕುಟ್ಟುವುದು ಇನ್ನೂ ನಿಧಾನ. ದೇವರೇ, ಇವತ್ತು ಇನ್ನಷ್ಟು ನಿಧಾನ ಮಾಡಲಿ. ಬೆಳ್ಳುಳ್ಳಿ ಸಿಗದೇ ಇರಲಿ, ಕಡ್ಡಿಪೆಟ್ಟಿಗೆ ಎಲ್ಲಿಟ್ಟೆ ಅಂತ ಮರೆತುಹೋಗಲಿ. ತಾಯಿ ಮರೆಯಲಿ ಎಂದು ದೇವರಲ್ಲಿ ಬೇಡಿಕೊಂಡ ಮೇಲೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ತನ್ನ ಬೀದಿಯ ತಿರುವಿಗೆ ಬಂದಾಗ ‘ಢಣ್’ ಎಂದು ಸದ್ದಾಯಿತು. ಸೈಕಲ್ ವಾಲಿತು, ಮಿರೇಯಾ ಮೊಣಕಾಲೂರಿ ಬಿದ್ದಳು. ಮತ್ತೆ ಢಣ್, ಢಣ್. ಮನೆಮನೆಯಿಂದ ಕೂಗು ಎದ್ದಿತು. “ಬಂತು! ಕರೆಂಟ್ ಬಂತು!” ಕಿಟಕಿಗಳಲ್ಲಿ ಹೆಂಗಸರು ಪಾತ್ರೆಗೆ ಸೌಟು ಬಡಿಯುತ್ತಿದ್ದರು. ರೇಡಿಯೋಗಳು ಒಟ್ಟಿಗೇ ಅರಚಿಕೊಂಡವು. ಬೀದಿಗೆ ಬೀದಿಯೇ ಹಬ್ಬ ಮಾಡುತ್ತಿತ್ತು. ಮಿರೇಯಾ ಸೈಕಲ್ ಅಲ್ಲೇ ಬಿಟ್ಟು, ರಕ್ತ ಸೋರುವ ಮೊಣಕಾಲಿನಲ್ಲಿ ಆ ಸಂತೋಷದ ನಡುವೆ ಓಡಿದಳು. ಈ ಗದ್ದಲದಲ್ಲಿ ತನ್ನ ಮನೆಯೇ ಸಿಡಿದರೂ ಯಾರಿಗೂ ತಿಳಿಯುವುದಿಲ್ಲ ಅನ್ನಿಸಿತು.

ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ರಾಣಿಯ ಮುಚ್ಚಳ ತೆಗೆದಿತ್ತು, ಪ್ಲಗ್ ಕಿತ್ತು ಓರಣವಾಗಿ ಸುತ್ತಿಟ್ಟಿತ್ತು. ಹಿತ್ತಲಲ್ಲಿ, ತಗಡಿನ ಚಾವಡಿಯ ಕೆಳಗೆ ಒರ್ತೆನ್ಸಿಯಾ ಮಣೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಕೈ ಚಾಚಿದರೆ ಎಟುಕುವಷ್ಟು ದೂರದಲ್ಲಿ ಒಲೆ ನಿಗಿನಿಗಿ ಉರಿಯುತ್ತಿತ್ತು, ಒಲೆಯ ಮೇಲೆ ಕುಕ್ಕರ್.

“ಬಂದ್ಯಾ? ಇಷ್ಟು ಬೇಗ?” ಮುದುಕಿಯ ಮುಖ ಅರಳಿತು. “ಕಾಳು ಹುಳಿ ವಾಸ್ನೆ ಹೊಡೀತಿತ್ತು ಕಣೇ, ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಬಾ, ಒಂಚೂರು ಕಿವಿಗೊಟ್ಟು ಹೇಳು. ಕುಕ್ಕರ್ ಸದ್ದು ಮಾಡ್ತಿದ್ಯಾ? ಆವಾಗಿಂದ ಕೂತಿದೀನಿ, ನಂಗೇನೂ ಕೇಳಿಸ್ತಿಲ್ಲ. ಕಿವೀನೂ ಪೂರ್ತಿ ಹೋಯ್ತು ಅನ್ಸುತ್ತೆ.”

ಕುಕ್ಕರ್ ಸದ್ದು ಮಾಡುತ್ತಿರಲಿಲ್ಲ. ಮುಚ್ಚಳ ನಡುವೆ ತುಸು ಉಬ್ಬಿತ್ತು. ಹಿತ್ತಾಳೆ ನಟ್ಟು ಬಿಸಿಲಿಗೆ ಮಿನುಗುತ್ತ ಕದಲದೆ ಕೂತಿತ್ತು.

ಮಿರೇಯಾ ಕೈಚೀಲ ಎಸೆದು, ತಾಯಿಯ ಕಂಕುಳಿಗೆ ಕೈ ಹಾಕಿ ಎತ್ತಿ ದರದರ ಎಳೆದುಕೊಂಡು ಅಡುಗೆಮನೆಯ ಗೋಡೆಯ ಹಿಂದೆ ನಿಲ್ಲಿಸಿದಳು. ಅಕ್ಕಿಯ ಮೊರ ಮಗುಚಿತು.

“ಅಯ್ಯೋ, ಹುಚ್ಚೀ! ಅಕ್ಕಿ ಚೆಲ್ಲಿದ್ಯಲ್ಲೇ!”

“ಸಿಡಿಯುತ್ತೆ ಮಿಮಾ!” ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು. “ನಟ್ಟು ಬಿಗಿಯಾಗಿದೆ! ಆವಿ ಹೋಗ್ತಿಲ್ಲ!”

ಒರ್ತೆನ್ಸಿಯಾ ಒಂದು ಕ್ಷಣ ಮಗಳ ಮುಖ ನೋಡಿದಳು, ಆಮೇಲೆ ಒಲೆಯ ಕಡೆ. ಅವಳ ಕಣ್ಣು ಚುರುಕಾಯಿತು. “ಪಾತ್ರೆ ಎತ್ತಬೇಡ,” ಎಂದಳು. “ಮುಚ್ಚಳ ಮುಟ್ಟಬೇಡ. ಬೆಂಕಿ ತೆಗಿ. ಕೆಳಗೆ ಬೂದಿ ಬಾಯಿಂದ ಎಳಿ. ಮಲ್ಕೊಂಡು ಹೋಗು, ನಿಂತು ಹೋಗ್ಬೇಡ.”

ಬಟ್ಟೆ ಒಗೆಯುವ ತಗಡಿನ ತೊಟ್ಟಿಯನ್ನು ಮಿರೇಯಾ ಗುರಾಣಿಯ ಹಾಗೆ ಮುಂದೆ ತಳ್ಳಿಕೊಂಡು, ಹೊಟ್ಟೆಯ ಮೇಲೆ ತೆವಳಿದಳು. ನೆಲ ಕಾದಿತ್ತು. ಒಲೆಯ ಹತ್ತಿರ ಹೋದ ಹಾಗೆ ಪಾತ್ರೆಯೊಳಗಿಂದ ಏನೋ ಸಣ್ಣಗೆ ಟಿಕ್ ಟಿಕ್ ಅನ್ನುವುದು ಕೇಳಿಸಿತು. ಒಲೆಯ ಪಕ್ಕದಲ್ಲಿ ಬಿದ್ದಿದ್ದ ಕಬ್ಬಿಣದ ಕೊಕ್ಕೆಯನ್ನು ಒಲೆಯ ಬಾಯಿಗೆ ತೂರಿಸಿ ಎಳೆದಳು. ಕೆಂಡ ಹೊರಬಿತ್ತು, ತೋಳಿನ ಮೇಲೆ ಕಿಡಿ ಹಾರಿತು. ಮತ್ತೆ ತೂರಿಸಿದಳು, ಎಳೆದಳು. ಕೊನೆಯ ಕೆಂಡವೊಂದು ಅಡಿಯಲ್ಲೇ ಸಿಕ್ಕಿಕೊಂಡು ಬರುವುದೇ ಇಲ್ಲ ಅಂದಿತು.

“ಬಿಡು! ಸಾಕು! ಈಚೆ ಬಾ!” ಗೋಡೆಯ ಹಿಂದಿನಿಂದ ಮುದುಕಿ ಕೂಗಿದಳು. “ನೀರು ಎರಚು, ದೂರದಿಂದ!”

ಮಿರೇಯಾ ಹಿಂದಕ್ಕೆ ತೆವಳಿ, ಬಾಗಿಲ ಮರೆಯಲ್ಲಿ ನಿಂತು ಬಕೆಟ್ಟಿನ ನೀರನ್ನು ಚೊಂಬುಚೊಂಬಾಗಿ ಪಾತ್ರೆಯ ಪಕ್ಕಕ್ಕೆ ಎರಚಿದಳು. ಚುಂಯ್ ಎಂದು ಹಬೆ ಎದ್ದಿತು. ಇನ್ನೊಂದು ಚೊಂಬು. ಬೂದಿ ಕೆಸರಾಯಿತು. ಇನ್ನು ಪರವಾಗಿಲ್ಲ ಎಂದು ಅವಳು ಉಸಿರು ಬಿಡುವುದಕ್ಕೂ, ರಬ್ಬರ್ ಕರಗಿ ಸಡಿಲವಾದ ನಟ್ಟು ಕಿತ್ತುಕೊಂಡು ಹಾರುವುದಕ್ಕೂ ಸರಿಹೋಯಿತು. ಗುಂಡು ಹೊಡೆದ ಹಾಗೆ ಸದ್ದು. ನಟ್ಟು ತಗಡಿನ ಸೂರನ್ನು ತೂತು ಮಾಡಿ ಎಲ್ಲಿಗೋ ಹೋಯಿತು. ಅದರ ಹಿಂದೆಯೇ ಕಪ್ಪು ರಸದ ಬುಗ್ಗೆ ಸೂರಿಗೆ ಚಿಮ್ಮಿ, ಮಣೆಯ ಮೇಲೆ, ಮೊರದ ಮೇಲೆ, ಮುದುಕಿ ಕೂತಿದ್ದ ಜಾಗದ ತುಂಬ ಕುದಿಯುತ್ತ ಸುರಿಯಿತು.

ಬಹಳ ಹೊತ್ತು ಬುಸುಗುಟ್ಟಿ ಪಾತ್ರೆ ತಣ್ಣಗಾಯಿತು.

“ಹಾಂ,” ಎಂದಳು ಒರ್ತೆನ್ಸಿಯಾ. “ಈಗ ಕೇಳಿಸ್ತು.”

ಮಿರೇಯಾ ನೆಲದ ಮೇಲೆ ಕೂತುಬಿಟ್ಟಳು. ನಗು ಬಂತೋ ಅಳು ಬಂತೋ ಅವಳಿಗೇ ಗೊತ್ತಾಗಲಿಲ್ಲ. ತಾಯಿ ಬಂದು ಅವಳ ಪಕ್ಕ ಕೂತಳು. ಮಗಳ ತೋಳಿನ ಸುಟ್ಟ ಕಲೆಗೆ ಊದಿದಳು. ಆಮೇಲೆ ರಸ ಸುರಿದು ಹಬೆಯಾಡುತ್ತಿದ್ದ ತನ್ನ ಮಣೆಯನ್ನು ಕಂಡಳು. ಅಲ್ಲಿಂದ ಕಣ್ಣು ಕೀಳಲಿಲ್ಲ.

“ನೀನು ಹೇಳಿದ್ದೇ ಸರಿ ಕಣೇ,” ಎಂದಳು ಸಣ್ಣ ದನಿಯಲ್ಲಿ. “ನಂದೆಲ್ಲ ಮುಗೀತು. ವಿಶಲ್ ಎಲ್ಲಿಟ್ಟೆ ಅಂತ್ಲೇ ನೆನಪಿಲ್ಲದವಳು ಒಲೆ ಮುಂದೆ ಯಾಕೆ ಕೂರ್ಬೇಕು? ಇನ್ಮೇಲೆ ಬೆಂಕಿ ಮುಟ್ಟಲ್ಲ. ರಾಣಿ ಅಂದ್ರೆ ರಾಣಿ. ಕರೆಂಟ್ ಬಂದ್ರೆ ಉಣ್ಣೋಣ, ಇಲ್ದಿದ್ರೆ ಇಲ್ಲ. ನನ್ನ ಎಲ್ಲಿ ಕೂರಿಸ್ತೀಯೋ ಅಲ್ಲಿ ಕೂತಿರ್ತೀನಿ.”

ಮಿರೇಯಾ ಕೇಳುತ್ತಿದ್ದಳು. ತಿಂಗಳಿಂದ ಅವಳು ಬಯಸಿದ್ದು ಇದೇ ಮಾತು. ಈಗ ತಾನಾಗಿಯೇ ಸಿಕ್ಕಿತ್ತು. ಇನ್ನು ಸುಮ್ಮನಿದ್ದರೆ ಸಾಕು, ತಾಯಿ ಕ್ಷೇಮ, ತಾನು ನಿಶ್ಚಿಂತೆ. ಎರಡು ದಿನ ಬಿಟ್ಟು ವಿಶಲನ್ನು ನದಿಗೆ ಎಸೆದರೆ ಕಥೆ ಮುಗಿಯಿತು. ಅವಳು ಸುಮ್ಮನೆ ಕೂತಿದ್ದಳು ಕೂಡ. ಮುದುಕಿ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೊರಟಳು. ಬೆಳಿಗ್ಗೆ ಮುಚ್ಚಳ ಹೊತ್ತು ಪಂಚರ್ ಅಂಗಡಿಗೆ ನಡೆದವಳು ಇವಳೇ ಎಂದರೆ ನಂಬುವ ಹಾಗಿರಲಿಲ್ಲ. ಹೊಸ್ತಿಲಲ್ಲಿ ನಿಂತು, ಎಲ್ಲಿಗೆ ಹೊರಟಿದ್ದೆ ಎಂದು ತನಗೇ ಗೊತ್ತಿಲ್ಲದವಳಂತೆ ತಿರುಗಿ ನೋಡಿದಳು.

“ಇವತ್ತು ಯಾವ ವಾರ ಅಂದೆ?”

ಮಿರೇಯಾಗೆ ತಡೆಯಲಾಗಲಿಲ್ಲ. ನೆಲದ ಮೇಲೆ ಬಿದ್ದಿದ್ದ ಕೈಚೀಲ ಎಳೆದುಕೊಂಡಳು. ಬಾಚಣಿಗೆ, ಕರವಸ್ತ್ರ, ಬೀಗದ ಕೈಗಳ ಅಡಿಗೆ ಬೆರಳು ತಾನಾಗಿಯೇ ಹೋಯಿತು. ವಿಶಲನ್ನು ತೆಗೆದು ಅಂಗೈಯಲ್ಲಿಟ್ಟು ಚಾಚಿದಳು.

ಒರ್ತೆನ್ಸಿಯಾ ವಿಶಲ್ ನೋಡಿದಳು. ಕೈಚೀಲ ನೋಡಿದಳು. ಹತ್ತಿರ ಬಂದು ಅದನ್ನೆತ್ತಿಕೊಂಡು, ಹೆಬ್ಬೆರಳಿನಿಂದ ಉಜ್ಜಿ, ಗಂಡ ಹಿಂದೊಮ್ಮೆ ಬೀಳಿಸಿ ಮಾಡಿದ್ದ ನೆಗ್ಗು ಇದೆಯೇ ಎಂದು ನೋಡಿದಳು. ಇತ್ತು. ಬೈಗುಳ ಈಗ ಬರುತ್ತದೆ, ಈಗ ಏಟು ಬೀಳುತ್ತದೆ ಎಂದು ಮಿರೇಯಾ ತಲೆ ತಗ್ಗಿಸಿದಳು. ಬಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಹಾಗಾದ್ರೆ,” ಎಂದಳು ತಾಯಿ, “ನಾನು ಕಳೀಲಿಲ್ಲ.”

“ಇಲ್ಲ ಮಿಮಾ.”

“ಇಲ್ಲೇ ಇಟ್ಟಿದ್ದೆ. ಕಟ್ಟೆ ಮೇಲೆ, ಉಪ್ಪಿನ ಡಬ್ಬಿ ಪಕ್ಕ.”

“ನೀನು ಅಲ್ಲೇ ಇಟ್ಟಿದ್ದೆ. ನಾನೇ ತಗೊಂಡೆ.”

ಮುದುಕಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಕೆಟ್ಟ ಕಾಯಿಲೆ ಇಲ್ಲ ಎಂದು ವೈದ್ಯರು ಹೇಳಿದಾಗ ರೋಗಿಗಳ ಮುಖ ಹೇಗೆ ಸಡಿಲವಾಗುತ್ತದೆ ಎಂಬುದನ್ನು ಮಿರೇಯಾ ಆಸ್ಪತ್ರೆಯಲ್ಲಿ ಕಂಡಿದ್ದಳು. ಈಗ ಅದೇ ಅವಳ ಎದುರಿಗಿತ್ತು. ಅದನ್ನು ನೋಡುವುದಕ್ಕಿಂತ ಕುದಿಯುವ ರಸ ಮೈಮೇಲೆ ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿ ಅವಳು ಬಿಕ್ಕಿ ಬಿಕ್ಕಿ ಅತ್ತಳು.

“ಕಳ್ಳೀ,” ಎಂದಳು ಒರ್ತೆನ್ಸಿಯಾ. “ಮಂಚದ ಕೆಳಗೆ ಹೋಗಿ ಸೀನಿದ್ಯಲ್ಲೇ!”

ವಿಶಲನ್ನು ಲಂಗದ ಜೇಬಿಗೆ ಇಳಿಸಿ, ಮುದುಕಿ ಬಗ್ಗಿ ಕುಕ್ಕರಿನ ಮುಚ್ಚಳ ತಿರುಗಿಸಿ ತೆಗೆದಳು. ಕಾಳು ಅರ್ಧ ಬೆಂದಿತ್ತು, ಅರ್ಧ ಉಳಿದಿತ್ತು. ಒಂದನ್ನು ಬೆರಳಲ್ಲಿ ಹಿಚುಕಿ ನೋಡಿದಳು.

“ಏಳು. ಕರೆಂಟ್ ಹೋಗೋಕೆ ಮುಂಚೆ ಇದನ್ನ ರಾಣಿಗೆ ಹಾಕು. ಗುರುವಾರ ಅದು ಜಾಸ್ತಿ ಹೊತ್ತು ಇರಲ್ಲ,” ಎಂದಳು.